ಜೀಪಿಗೆ ನಾಲ್ಕು ಹನಿ ಆಯಿಲ್

ತಿಕೋಟಾ, ಬಬಲೇಶ್ವರದ ಕಡೆ ಬೇವಿನ ಮರದಡಿ ವರ್ಷಗಟ್ಟಲೆ ನಿಂತ ಡೀಸೆಲ್ ಜೀಪು ವಿಜಯಪುರದ ಗ್ಯಾರೇಜಿಗೆ ಬಂದಿತೆನ್ನಿ. ತಳ್ಳಿದರೂ ಚಾಲೂ ಆಗದು. ‘ಎಂಜಿನ್ ಇಳಿಸಿಬಿಡಿ’ ಎನ್ನುವುದು ಸುಲಭ, ಖರ್ಚು ಮಾತ್ರ ಮಾಲೀಕನದು!

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಹಿಂಡಿದಾಗ ಹುಟ್ಟುವ 500 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖವೇ ಡೀಸೆಲನ್ನು ಹೊತ್ತಿಸುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಮಕ್ಕಳು ಬಲ್ಲರು. ಗಾಳಿ ಸೋರಿದರೆ ಶಾಖವೆಲ್ಲಿ?

ಬ್ಯಾಟರಿ, ಡೀಸೆಲ್ ಲೈನು ಸರಿಯಿದ್ದರೆ ಮಿಸ್ತ್ರಿ ಒತ್ತಡ ಅಳೆದು, ಕಡಿಮೆಯಿದ್ದ ಸಿಲಿಂಡರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾನೆ. (ಹೆಚ್ಚು ಸುರಿಯಬಾರದು, ದ್ರವವನ್ನು ಹಿಂಡಲಾಗದು.) ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ಸಂಶಯ ವಾಲ್ವಿನ ಮೇಲೆ.

ರಿಂಗು ಸವೆಸುವುದು ಧೂಳು. ಹಲವು ಹಳೆಯ ಜೀಪುಗಳಲ್ಲಿ ಏರ್ ಕ್ಲೀನರಿನ ತಳದ ಆಯಿಲ್ ಅದನ್ನು ಹಿಡಿಯಬೇಕು. ಅದೇ ಕೆಸರಾಗಿದ್ದರೆ ಹೊಸ ರಿಂಗಿಗೂ ಅದೇ ಗತಿ.