ಪ್ಲಗ್ ಹಾಕದ ಕಾರಿಗೆ ಹಸಿರು ಪಟ್ಟ

ಒಂದು ಲೀಟರ್ ಪೆಟ್ರೋಲಿಗೆ 52 ಕಿಲೋಮೀಟರ್. ತೂಕ 1,800 ಕಿಲೋಗೂ ಮಿಗಿಲು. ನಾಲ್ಕೂ ಚಕ್ರಗಳಿಗೆ ಶಕ್ತಿ, ಐದು ಜನ ಕಾಲು ಚಾಚಿ ಕೂರುವಷ್ಟು ಜಾಗ, ಹಿಂದೆ ಇಡೀ ಸಂಸಾರದ ಸಾಮಾನು ಹಿಡಿಸುವ ಡಿಕ್ಕಿ. ಅನೇಕ ಬೈಕುಗಳೇ ನಾಚಬೇಕಾದ ಇಂತಹ ಮೈಲೇಜನ್ನು ಆನೆಗಾತ್ರದ ಈ ವಾಹನ ಕೊಡುತ್ತದೆಂದು ಯುರೋಪಿನ ಅಧಿಕೃತ ಪರೀಕ್ಷೆಯೇ ಪ್ರಮಾಣಪತ್ರ ಬರೆದುಕೊಟ್ಟಿತು. ಜಪಾನಿನ ಮಿತ್ಸುಬಿಷಿ ಕಂಪನಿ 2013ರಲ್ಲಿ ಮಾರುಕಟ್ಟೆಗೆ ಬಿಟ್ಟ ಔಟ್‌ಲ್ಯಾಂಡರ್ ಪಿಎಚ್‌ಇವಿ ಎಂಬ ಕುಟುಂಬ ಎಸ್‌ಯುವಿಯ ಕಥೆಯಿದು. ಕಿಲೋಮೀಟರಿಗೆ ಕೇವಲ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬುದು ಅದರ ಹಣೆಯ ಮೇಲಿನ ಹಸಿರು ತಿಲಕವಾಗಿತ್ತು.

ಈ ವಾಹನದ ಒಳರಚನೆಯನ್ನು ಮೊದಲು ನೋಡಬೇಕು. ಎರಡು ಲೀಟರಿನ ಪೆಟ್ರೋಲ್ ಎಂಜಿನ್ ಒಂದು. ಮುಂದಿನ ಚಕ್ರಗಳಿಗೆ 60 ಕಿಲೋವ್ಯಾಟಿನ ಒಂದು ವಿದ್ಯುತ್ ಮೋಟಾರು, ಹಿಂದಿನ ಚಕ್ರಗಳಿಗೆ ಅಷ್ಟೇ ಶಕ್ತಿಯ ಇನ್ನೊಂದು. ನೆಲದಡಿಯಲ್ಲಿ 12 ಕಿಲೋವ್ಯಾಟ್-ಗಂಟೆಯ ಬ್ಯಾಟರಿ, ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ 12 ಯೂನಿಟ್. ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸಿದರೆ ಸುಮಾರು ಐದು ಗಂಟೆಯಲ್ಲಿ ಅದು ತುಂಬುತ್ತದೆ. ಬ್ಯಾಟರಿ ತುಂಬಿರುವಾಗ ಕಾರು ಬರೀ ವಿದ್ಯುತ್ತಿನಲ್ಲಿ ಸದ್ದಿಲ್ಲದೆ ಚಲಿಸುತ್ತದೆ. ಖಾಲಿಯಾದಾಗ ಎಂಜಿನ್ ಎದ್ದು ಜನರೇಟರ್ ತಿರುಗಿಸಿ ಮೋಟಾರುಗಳಿಗೆ ವಿದ್ಯುತ್ ಒದಗಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಎಂಜಿನ್ನೇ ನೇರವಾಗಿ ಮುಂದಿನ ಚಕ್ರಗಳಿಗೆ ಜೋಡಿಕೊಳ್ಳುತ್ತದೆ. ಮಾಮೂಲಿ ಗೇರ್‌ಬಾಕ್ಸ್ ಇಲ್ಲ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ತಲುಪಲು 11 ಸೆಕೆಂಡು, ಗರಿಷ್ಠ ವೇಗ 170. ಹಿಂದಿನ ಮೋಟಾರಿಗೆ ಜಾಗ ಬೇಕಾದುದರಿಂದ ಡೀಸೆಲ್ ಮಾದರಿಯಲ್ಲಿದ್ದ ಮೂರನೆಯ ಸಾಲಿನ ಆಸನಗಳು ಇಲ್ಲಿ ಮಾಯವಾದವು. ಎಂಜಿನಿಯರುಗಳ ಜಾಣ್ಮೆಯ ಬಗ್ಗೆ ತಕರಾರು ಬೇಕಿಲ್ಲ. ದಿನಕ್ಕೆ ಮೂವತ್ತು ಕಿ.ಮೀ. ಓಡಾಡಿ, ಪ್ರತಿರಾತ್ರಿ ತಪ್ಪದೆ ಪ್ಲಗ್ ಹಾಕುವವರ ಕೈಯಲ್ಲಿ ಇದು ವಾರಗಟ್ಟಲೆ ಪೆಟ್ರೋಲ್ ಬಂಕಿನ ಮುಖ ನೋಡದೆ ಓಡಬಲ್ಲದು.

ಆದರೆ ಆ 44 ಗ್ರಾಂ ಬಂದದ್ದು ಎಂಜಿನಿಯರಿಂಗ್‌ನಿಂದಲ್ಲ, ಅಂಕಗಣಿತದಿಂದ.

ಯುರೋಪಿನ ಅಂದಿನ ಎನ್‌ಇಡಿಸಿ ಪರೀಕ್ಷೆಯಲ್ಲಿ ಇಂತಹ ಕಾರನ್ನು ಪ್ರಯೋಗಶಾಲೆಯಲ್ಲಿ ಎರಡು ಸಲ ಓಡಿಸಲಾಗುತ್ತಿತ್ತು. ಒಮ್ಮೆ ಬ್ಯಾಟರಿ ತುಂಬಿಸಿ, ಒಮ್ಮೆ ಖಾಲಿ ಮಾಡಿ. ಮೊದಲ ಸಲ ಪೆಟ್ರೋಲ್ ಖರ್ಚು ಸೊನ್ನೆ. ಎರಡನೆಯ ಸಲ ನೂರು ಕಿಲೋಮೀಟರಿಗೆ 5.8 ಲೀಟರ್, ಅಂದರೆ ಲೀಟರಿಗೆ 17 ಕಿ.ಮೀ. ಆಸುಪಾಸು. ಒಂದು ಒಳ್ಳೆಯ ಡೀಸೆಲ್ ಕಾರಿಗೆ ಹೋಲಿಸಿದರೆ ಇದರಲ್ಲಿ ಹೆಗ್ಗಳಿಕೆಯೇನೂ ಇಲ್ಲ. ಈ ಎರಡು ಅಂಕಿಗಳನ್ನು ಬೆರೆಸಲು ನಿಯಮಾವಳಿ ಒಂದು ಊಹೆಯನ್ನು ಕಟ್ಟಿಕೊಂಡಿತ್ತು: ಬ್ಯಾಟರಿ ಮುಗಿದ ಮೇಲೆ ಚಾಲಕ ಕೇವಲ 25 ಕಿಲೋಮೀಟರ್ ಓಡಿಸುತ್ತಾನೆ, ಅಷ್ಟರಲ್ಲಿ ಮತ್ತೆ ಪ್ಲಗ್ ಸಿಕ್ಕಿಸುತ್ತಾನೆ! ಔಟ್‌ಲ್ಯಾಂಡರಿನ ಬ್ಯಾಟರಿ ಪರೀಕ್ಷೆಯಲ್ಲಿ 52 ಕಿ.ಮೀ. ಓಡಿತು. ಅದಕ್ಕೆ 25 ಕೂಡಿಸಿದರೆ 77. ಈ 77ರಲ್ಲಿ 25 ಕಿ.ಮೀ.ಗೆ ಮಾತ್ರ ಪೆಟ್ರೋಲಿನ ಲೆಕ್ಕ. 5.8ನ್ನು 25ರಿಂದ ಗುಣಿಸಿ 77ರಿಂದ ಭಾಗಿಸಿದರೆ 1.9 ಲೀಟರ್ ಬರುತ್ತದೆ. ಅದೇ ಲೀಟರಿಗೆ 52 ಕಿಲೋಮೀಟರ್. ಶಾಲಾ ಬಾಲಕನೂ ಮಾಡಬಹುದಾದ ಲೆಕ್ಕ.

ಇದರಲ್ಲಿ ಕಂಪನಿ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಸುಳ್ಳನ್ನು ನಿಯಮವೇ ಹೇಳಿತು. 44 ಗ್ರಾಂ ಎಂಬುದು ಕಾರಿನ ಅಳತೆಯಲ್ಲ, ಕಾರಿನ ಒಡೆಯನ ನಡತೆಯ ಬಗ್ಗೆ ಸರಕಾರಗಳು ತಾವಾಗಿಯೇ ಕಟ್ಟಿಕೊಂಡ ಕಲ್ಪನೆ. ವನಮಹೋತ್ಸವದ ದಿನ ನೆಟ್ಟ ಸಸಿಗಳ ಸಂಖ್ಯೆ ಮರುದಿನದ ಪತ್ರಿಕೆಯಲ್ಲಿ ರಾರಾಜಿಸುತ್ತದೆ. ಮುಂದಿನ ಬೇಸಗೆ ಕಳೆದ ಮೇಲೆ ಬದುಕುಳಿದವು ಎಷ್ಟೆಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಮಲೆನಾಡಿನ ಜನ ಚೆನ್ನಾಗಿ ಬಲ್ಲ ಆ ಕಡತದ ಹಸಿರಿಗೂ ಈ ಕಾರಿನ ಹಸಿರಿಗೂ ಗೋತ್ರ ಒಂದೇ.

ಅದೇ ಕಾರು ಅಟ್ಲಾಂಟಿಕ್ ಸಾಗರ ದಾಟಿದಾಗ ಏನಾಯಿತು? ಅಮೆರಿಕದಲ್ಲಿ ಅದು 2018ರ ಮಾದರಿಯಾಗಿ ಮಾರಾಟಕ್ಕೆ ಬಂತು. ಅದೇ 12 ಯೂನಿಟ್ ಬ್ಯಾಟರಿ, ಅದೇ ಎರಡು ಲೀಟರಿನ ಎಂಜಿನ್. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ವಿದ್ಯುತ್ತಿನ ಓಟವನ್ನೂ ಪೆಟ್ರೋಲಿನ ಓಟವನ್ನೂ ಬೆರೆಸದೆ ಬೇರೆ ಬೇರೆಯಾಗಿ ಮುದ್ರಿಸಿತು: ವಿದ್ಯುತ್ತಿನಲ್ಲಿ 22 ಮೈಲಿ, ಎಂದರೆ 35 ಕಿ.ಮೀ.; ಬ್ಯಾಟರಿ ಮುಗಿದ ಬಳಿಕ ಲೀಟರಿಗೆ 10.6 ಕಿ.ಮೀ. ಯುರೋಪಿನಲ್ಲಿ 52 ಎನಿಸಿಕೊಂಡದ್ದು ಅಮೆರಿಕದಲ್ಲಿ ಹತ್ತೂವರೆಗೆ ಇಳಿಯಿತು.

ಅಂಕಿ ಕಾಗದದಲ್ಲೇ ಉಳಿದಿದ್ದರೆ ಇಷ್ಟು ಬರೆಯುವ ಪ್ರಮೇಯವಿರಲಿಲ್ಲ. ಆ ಅಂಕಿಯ ಬೆನ್ನಿಗೇ ಸಾರ್ವಜನಿಕರ ಹಣ ಹರಿಯಿತು. ಬ್ರಿಟನ್ ಸರಕಾರ ಒಂದೊಂದು ಕಾರಿಗೆ 5,000 ಪೌಂಡ್ ಅನುದಾನ ಕೊಟ್ಟಿತು. ಅನುದಾನ ಕಳೆದರೆ ಇದರ ಬೆಲೆಯೂ ಡೀಸೆಲ್ ಮಾದರಿಯ ಬೆಲೆಯೂ ಸಮ. ಲಂಡನ್ನಿನ ದಟ್ಟಣೆ ಶುಲ್ಕದಿಂದಲೂ ವಿನಾಯಿತಿ ದೊರೆಯಿತು. ಸಹಜವಾಗಿಯೇ ಅದು ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಪ್ಲಗ್-ಇನ್ ವಾಹನವಾಯಿತು. ನೆದರ್ಲೆಂಡ್ಸ್‌ನಲ್ಲಿ ಕಂಪನಿಗಳು ನೌಕರರಿಗೆ ಕೊಡುವ ಕಾರುಗಳು 50 ಗ್ರಾಂಗಿಂತ ಕಡಿಮೆ ಹೊಗೆಯವಾದರೆ, ಆ ಸವಲತ್ತಿನ ಮೇಲೆ ನೌಕರ ತೆರಬೇಕಾದ ತೆರಿಗೆಯ ಲೆಕ್ಕದಲ್ಲಿ 2013ರ ಕೊನೆಯವರೆಗೆ ಕಾರಿನ ಬೆಲೆ ಸೊನ್ನೆ. ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಮಾರಾಟವಾದ ಎಲ್ಲ ಬಗೆಯ ಹೊಸ ಕಾರುಗಳ ಪೈಕಿ ಔಟ್‌ಲ್ಯಾಂಡರಿನದೇ ಮೊದಲ ಸ್ಥಾನ. ಗಡುವು ಮುಗಿಯುವ ಮುನ್ನ ಕೊಂಡವರು ಕೊಂಡದ್ದು ಕಾರನ್ನೋ ತೆರಿಗೆ ವಿನಾಯಿತಿಯನ್ನೋ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಕಂಪನಿ ಕಾರಿನ ವ್ಯವಹಾರ ನೋಡಿ. ಪೆಟ್ರೋಲಿನ ಬಿಲ್ಲನ್ನು ಕಂಪನಿ ತುಂಬುತ್ತದೆ. ಬಂಕಿನಲ್ಲಿ ಕಾರ್ಡು ಉಜ್ಜಿದರೆ ಮುಗಿಯಿತು. ಮನೆಯಲ್ಲಿ ಚಾರ್ಜ್ ಮಾಡಿದರೆ ವಿದ್ಯುತ್ ಬಿಲ್ಲು ಬರುವುದು ನೌಕರನ ಹೆಸರಿಗೆ. ಕಡಿಮೆ ಹೊಗೆಯ ತೆರಿಗೆ ಲಾಭವಾದರೋ ಕಾರು ಕೈಗೆ ಬಂದ ದಿನವೇ ಖಾತ್ರಿಯಾಗಿರುತ್ತದೆ, ಪ್ಲಗ್ ಹಾಕಲಿ ಬಿಡಲಿ. ಹೀಗಿರುವಾಗ ಚಳಿಗಾಲದ ರಾತ್ರಿ ಅಂಗಳಕ್ಕಿಳಿದು ತಂತಿ ಎಳೆಯುವವರು ಯಾರು? 2018ರಲ್ಲಿ ಬ್ರಿಟನ್ನಿನ ಮೈಲ್ಸ್ ಕನ್ಸಲ್ಟೆನ್ಸಿ ಎಂಬ ಸಂಸ್ಥೆ ಕಂಪನಿ ಕಾರುಗಳ ಇಂಧನ ಲೆಕ್ಕವನ್ನು ಪರಿಶೀಲಿಸಿ ಬಿಬಿಸಿಗೆ ಒದಗಿಸಿತು. ಲೀಟರಿಗೆ ಸರಾಸರಿ 46 ಕಿ.ಮೀ. ಎಂದು ಘೋಷಿತವಾಗಿದ್ದ ಪ್ಲಗ್-ಇನ್ ಕಾರುಗಳು ರಸ್ತೆಯಲ್ಲಿ ಕೊಟ್ಟದ್ದು ಸುಮಾರು 14. ಕೆಲವು ಕಾರುಗಳ ಚಾರ್ಜಿಂಗ್ ಕೇಬಲ್ ಅದರ ಪ್ಲಾಸ್ಟಿಕ್ ಹೊದಿಕೆಯಿಂದಲೇ ಹೊರಬಂದಿರಲಿಲ್ಲ. ಜನರ ತೆರಿಗೆಯ ಹಣದಿಂದ ಕೊಂಡ ಬ್ಯಾಟರಿ ಊಟಕ್ಕಿಲ್ಲದ ಉಪ್ಪಿನಕಾಯಿಯಾಗಿ ಕುಳಿತಿತ್ತು. ಕುಳಿತದ್ದಷ್ಟೇ ಅಲ್ಲ, ತನ್ನ ಭಾರವನ್ನೂ ಎರಡು ಮೋಟಾರುಗಳ ಭಾರವನ್ನೂ ಎಳೆಯಲು ಇನ್ನಷ್ಟು ಪೆಟ್ರೋಲ್ ಕುಡಿಸುತ್ತಿತ್ತು. ಅದೇ ನವೆಂಬರಿನಲ್ಲಿ ಬ್ರಿಟನ್ ಸರಕಾರ ಇಂತಹ ಕಾರುಗಳ ಅನುದಾನವನ್ನು ನಿಲ್ಲಿಸಿತು.

ಕಂಪನಿ ಕಾರಿನವರನ್ನು ಬಿಡೋಣ, ಸ್ವಂತ ದುಡ್ಡಿನಲ್ಲಿ ಪೆಟ್ರೋಲ್ ಹಾಕಿಸುವವರು ಜಾಗರೂಕರಲ್ಲವೇ ಎಂದು ಕೇಳಬಹುದು. 2022ರಲ್ಲಿ ಐಸಿಸಿಟಿ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಯುರೋಪಿನ ಸುಮಾರು 9,000 ಪ್ಲಗ್-ಇನ್ ವಾಹನಗಳನ್ನು ಅಧ್ಯಯನ ಮಾಡಿದವು. ಸ್ವಂತ ಕಾರಿನವರು ವಿದ್ಯುತ್ತಿನಿಂದ ಓಡಿಸಿದ್ದು ಒಟ್ಟು ದೂರದ ಶೇ. 45ರಿಂದ 49, ಕಂಪನಿ ಕಾರಿನವರು ಶೇ. 11ರಿಂದ 15. ಅರ್ಧದಷ್ಟೂ ಇಲ್ಲ. 2021ರಿಂದ ಯುರೋಪಿನಲ್ಲಿ ಹೊಸ ಕಾರುಗಳು ತಾವು ಕುಡಿದ ಇಂಧನದ ಲೆಕ್ಕವನ್ನು ತಮ್ಮೊಳಗೇ ಬರೆದಿಟ್ಟುಕೊಳ್ಳಬೇಕು. ಆ ವರ್ಷ ನೋಂದಣಿಯಾದ ಕಾರುಗಳ ಲೆಕ್ಕವನ್ನು ಯುರೋಪಿಯನ್ ಕಮಿಷನ್ 2024ರ ಮಾರ್ಚಿನಲ್ಲಿ ಬಿಚ್ಚಿದಾಗ, ಮಾಮೂಲಿ ಪೆಟ್ರೋಲ್-ಡೀಸೆಲ್ ಕಾರುಗಳು ಹೇಳಿದ್ದಕ್ಕಿಂತ ಶೇ. 20ರಷ್ಟು ಹೆಚ್ಚು ಹೊಗೆ ಬಿಟ್ಟಿದ್ದವು. ಪ್ಲಗ್-ಇನ್ ಹೈಬ್ರಿಡ್‌ಗಳು ಬಿಟ್ಟದ್ದು ಮೂರೂವರೆ ಪಟ್ಟು. ಹೊಸ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಹಳೆಯ ಸುಳ್ಳನ್ನು ತೊಳೆಯುತ್ತದೆ ಎಂದು ಭರವಸೆ ಕೊಟ್ಟ ನಂತರದ ಅಂಕಿಯಿದು.

ತಂತ್ರಜ್ಞಾನ ಸುಧಾರಿಸುತ್ತದೆ, ತಾಳ್ಮೆ ಬೇಕು ಎಂಬ ಸಮಾಧಾನದ ಮಾತು ಎಂದಿನಂತೆ ಸಿದ್ಧವಾಗಿದೆ. ಸುಧಾರಣೆಯ ಪರಿ ಹೀಗಿದೆ: 2021ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಹೊಸ ಔಟ್‌ಲ್ಯಾಂಡರಿಗೆ 20 ಯೂನಿಟ್ ಬ್ಯಾಟರಿ, 2.4 ಲೀಟರ್ ಎಂಜಿನ್, ಏಳು ಆಸನ. ತೂಕ ಎರಡು ಟನ್ ದಾಟಿತು. ಅಮೆರಿಕದ ಪರೀಕ್ಷೆಯಲ್ಲಿ ವಿದ್ಯುತ್ತಿನ ಓಟ 61 ಕಿ.ಮೀ.ಗೆ ಏರಿತು. ಬ್ಯಾಟರಿ ಬರಿದಾದ ಮೇಲಿನ ಮೈಲೇಜು? ಲೀಟರಿಗೆ 10.6 ಇದ್ದದ್ದು 11 ಆಯಿತು. ಸುಧಾರಣೆಯೆಲ್ಲ ಪ್ಲಗ್ ಹಾಕುವವನಿಗೆ, ಹಾಕದವನ ಹೊಗೆ ಇದ್ದಲ್ಲೇ ಇದೆ.

ಔಟ್‌ಲ್ಯಾಂಡರಿನ ಈ ಮಾದರಿ ಭಾರತಕ್ಕೆ ಬರಲಿಲ್ಲ. ಆದರೆ ಅದನ್ನು ಸಾಕಿದ ಲೆಕ್ಕಾಚಾರ ಬಂದಿದೆ. 2015ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ಫೇಮ್ ಯೋಜನೆ, ಬ್ಯಾಟರಿಯ ಬಲದಿಂದ ಒಂದು ಮಾರೂ ಚಲಿಸಲಾಗದ ‘ಮೈಲ್ಡ್ ಹೈಬ್ರಿಡ್’ ಡೀಸೆಲ್ ಕಾರುಗಳಿಗೂ ಸಬ್ಸಿಡಿ ಹಂಚಿತು. ಎರಡು ವರ್ಷ ಕಳೆದು, 2017ರ ಏಪ್ರಿಲ್‌ನಿಂದ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2016ರಲ್ಲಿ ಇಲ್ಲಿಗೆ ಬಂದ ವೋಲ್ವೊ ಎಕ್ಸ್‌ಸಿ90 ಟಿ8 ಎಂಬ ಪ್ಲಗ್-ಇನ್ ಎಸ್‌ಯುವಿಯ ಬೆಲೆ 1.25 ಕೋಟಿ ರೂಪಾಯಿ. ಉತ್ತರ ಪ್ರದೇಶ ಸರಕಾರ 2024ರ ಜುಲೈನಲ್ಲಿ ಪ್ಲಗ್-ಇನ್ ಹೈಬ್ರಿಡ್‌ಗಳನ್ನೂ ಸೇರಿಸಿ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ಇದಕ್ಕಿಂತ ಮುಖ್ಯವಾದದ್ದು, ಕಂಪನಿಗಳು ಮಾರುವ ಕಾರುಗಳ ಸರಾಸರಿ ಇಂಗಾಲಕ್ಕೆ ಮಿತಿ ಹಾಕುವ ಕೆಫೆ ನಿಯಮ. ಅದರಡಿ ಒಂದು ಪ್ಲಗ್-ಇನ್ ಹೈಬ್ರಿಡ್ ಮಾರಿದರೆ ಎರಡೂವರೆ ಕಾರು ಮಾರಿದಂತೆ ಲೆಕ್ಕ. ಪ್ರಮಾಣಪತ್ರದ ಕಡಿಮೆ ಹೊಗೆಯನ್ನು ಎರಡೂವರೆಯಿಂದ ಗುಣಿಸಿಕೊಂಡು, ಆ ನೆರಳಿನಲ್ಲಿ ಭಾರಿ ಡೀಸೆಲ್ ಎಸ್‌ಯುವಿಗಳನ್ನು ನಿರಾತಂಕವಾಗಿ ಮಾರಬಹುದು. ಯುರೋಪಿನಲ್ಲಿ ಸುಳ್ಳು ಇದ್ದ ಗಾತ್ರದಲ್ಲಾದರೂ ಇತ್ತು. ಇಲ್ಲಿ ಅದನ್ನು ಗುಣಿಸುವ ಏರ್ಪಾಟು ಬೇರೆ.

ಇದರ ಫಲ ಘಟ್ಟದ ಜನಕ್ಕೆ ತಟ್ಟದೆ ಇರದು. ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟು ಹೋಂಸ್ಟೇಗಳಿಗೆ ಧಾವಿಸುವ ಎಸ್‌ಯುವಿಗಳ ಸಾಲನ್ನು ಸಕಲೇಶಪುರ, ಮೂಡಿಗೆರೆಗಳ ರಸ್ತೆಬದಿಯಲ್ಲಿ ನಿಂತವರೆಲ್ಲ ಕಂಡಿದ್ದಾರೆ. ಆ ಸಾಲಿನಲ್ಲಿ ಹಳೆಯ ಔಟ್‌ಲ್ಯಾಂಡರಿನಂತಹ, 35 ಕಿ.ಮೀ. ವಿದ್ಯುತ್ತಿನ ಕಾರೊಂದು ಇದ್ದರೆ ಅದರ ಬ್ಯಾಟರಿ ನೆಲಮಂಗಲ ದಾಟುವಷ್ಟರಲ್ಲಿ ಮುಗಿದಿರುತ್ತದೆ. ಹೊಸದರದ್ದಾದರೆ ಕುಣಿಗಲ್ ಕಾಣುವ ಮೊದಲು. ಘಟ್ಟದ ಏರು ಸಿಗುವ ಹೊತ್ತಿಗೆ ಉಳಿಯುವುದು ಲೀಟರಿಗೆ ಹನ್ನೊಂದು ಕಿ.ಮೀ. ಕೊಡುವ, ಎರಡು ಟನ್ ತೂಕದ ಪೆಟ್ರೋಲ್ ವಾಹನ, ಮತ್ತು ಅದರ ಬೆನ್ನಿಗೆ ಅಂಟಿಸಿದ ಹಸಿರು ಬಣ್ಣದ ಚೀಟಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಕೈಕೊಡುವ ಊರಿನಲ್ಲಿ ಅದನ್ನು ಮತ್ತೆ ಚಾರ್ಜ್ ಮಾಡುವ ಮಾತು ದೂರವೇ ಉಳಿಯಿತು. ಅದೇ ಊರಿನಿಂದ ತಾಲೂಕು ಕೇಂದ್ರಕ್ಕೆ ಹೋಗುವ, ಐವತ್ತು ಜನರನ್ನು ಹೊರುವ ಬಸ್ಸಿಗೆ ಯಾವ ನಿಯಮವೂ ಎರಡೂವರೆ ಬಸ್ಸಿನ ಗೌರವ ಕೊಟ್ಟಿಲ್ಲ.

ಯುರೋಪು ತಡವಾಗಿಯಾದರೂ ಊಹೆಯನ್ನು ತಿದ್ದಲು ಹೊರಟಿದೆ. ವಿದ್ಯುತ್ತಿನ ಓಟದ ಪಾಲನ್ನು ಕಡಿಮೆ ಮಾಡುವ ಮೊದಲ ಹಂತ 2025ರಲ್ಲಿ ಜಾರಿಗೆ ಬಂತು, ಎರಡನೆಯದು 2027ಕ್ಕೆಂದು ನಿಗದಿಯಾಯಿತು. ಜರ್ಮನಿಯ ಕಾರು ತಯಾರಕರ ಒಕ್ಕೂಟ 2025ರಲ್ಲೇ ಇದನ್ನು ಕೈಬಿಡಬೇಕೆಂದು ಪಟ್ಟುಹಿಡಿಯಿತು. ಭಾರತದಲ್ಲಿ ಕೆಫೆ ನಿಯಮದ ಮೂರನೆಯ ಹಂತಕ್ಕೆ ಗೊತ್ತುಪಡಿಸಿದ ದಿನವೂ 2027ರ ಏಪ್ರಿಲ್. ಅದರಲ್ಲಿ ಪ್ಲಗ್-ಇನ್ ಕಾರಿಗೆ ಸಲ್ಲುವ ಗುಣಕವನ್ನು ಪ್ರಯೋಗಶಾಲೆಯ ಚೀಟಿ ನೋಡಿ ಬರೆಯುತ್ತಾರೋ, ಅದು ಬಂಕಿನಲ್ಲಿ ಕುಡಿದ ಪೆಟ್ರೋಲನ್ನು ಅಳೆದು ಬರೆಯುತ್ತಾರೋ ಎಂಬುದನ್ನು ಇಂಧನ ದಕ್ಷತಾ ಬ್ಯೂರೋ ಸಾರ್ವಜನಿಕವಾಗಿ ಹೇಳಬೇಕು.