ತೋಟದ ರೆಡಿಮೇಡ್ ಮನೆಗೆ ಸಾಲ ಯಾರ ಹತ್ತಿರ ಮಾಡ್ತೀರಿ?

ಜೀವಾಮೃತದ ಬಗ್ಗೆ ಕೇಳೋಕೆ ಫೋನ್ ಮಾಡಿದ ಹುಡುಗರು ಕೊನೆಗೆ ಕಂಟೇನರ್ ಮನೆ ವಿಷಯ ಎತ್ತುತ್ತಾರೆ. ಆಸೆ ತಪ್ಪಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕೋಕೆ, ಹಂದಿ ಕಾಯೋಕೆ ತೋಟದಲ್ಲೇ ಇರಬೇಕು. ಫ್ಯಾಕ್ಟರಿಯಲ್ಲಿ ತಯಾರಾದ ಮನೆ ಲಾರಿಯಲ್ಲಿ ಬರುತ್ತೆ, ಕ್ರೇನ್‌ನಲ್ಲಿ ಇಳಿಸ್ತಾರೆ. ರೀಲ್ಸ್‌ನಲ್ಲಿ ತೋರಿಸೋದು ಇಷ್ಟೇ, ಸಾಲದ ಕತೆ ಅಲ್ಲಿ ಬರಲ್ಲ.

ಎಲ್ಲರೂ ಮೊದಲು ಕೇಳೋದು ಬಡ್ಡಿ ಎಷ್ಟು ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಕಂತು ಯಾವ ತಿಂಗಳು ಕಟ್ಟಬೇಕು, ಅಡ ಏನು ಇಡಬೇಕು ಅನ್ನೋದನ್ನ ಮೊದಲು ಕೇಳಿ.

ಬ್ಯಾಂಕ್‌ನವರು ಯಾಕೆ ಹಿಂದೇಟು ಹಾಕ್ತಾರೆ ಅಂತ ತಿಳ್ಕೊಳ್ಳಿ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳೋಕೆ ಬ್ಯಾಂಕಿಗೆ 2002ರ ಸರ್ಫೇಸಿ ಕಾಯ್ದೆ ಇದೆ. ಆದರೆ ಅದು ಕೃಷಿ ಜಮೀನಿಗೆ ಅನ್ವಯ ಆಗಲ್ಲ. ಹಾಗಾಗಿ ಮಾಮೂಲಿ ಹೋಮ್ ಲೋನ್ ಕೇಳಿದರೆ ಭೂ ಪರಿವರ್ತನೆ ಮಾಡಿಸಿ, ಪಂಚಾಯ್ತಿ ಇ-ಸ್ವತ್ತು ತನ್ನಿ ಅಂತಾರೆ. ಇನ್ನೊಂದು ತಕರಾರು ಮನೆಯದ್ದೇ. ಕ್ರೇನ್‌ನಲ್ಲಿ ಎತ್ತಿಕೊಂಡು ಹೋಗಬಹುದಾದ ಡಬ್ಬವನ್ನ ಕಟ್ಟಡ ಅಂತ ಒಪ್ಪೋಕೆ ಮ್ಯಾನೇಜರ್‌ಗೆ ಕಷ್ಟ. ಕಾಂಕ್ರೀಟ್ ತಳಪಾಯಕ್ಕೆ ಬೋಲ್ಟ್ ಹಾಕಿ ಕೂರಿಸೋ ಪ್ಲಾನ್, ಎಂಜಿನಿಯರ್ ಎಸ್ಟಿಮೇಟ್ ಇದ್ದರೆ ಮಾತು ಮುಂದುವರಿಯುತ್ತೆ. ಮನೆ ಸಾಲ ಕೆಲಸ ನಡೆದ ಹಾಗೆ ಹಂತಹಂತವಾಗಿ ಬಿಡುಗಡೆ ಆಗೋದು. ಆದರೆ ಮನೆ ಮಾಡೋ ಕಂಪನಿಯವರು ಲಾರಿ ಹೊರಡೋ ಮೊದಲೇ ಬಹುಪಾಲು ದುಡ್ಡು ಕೇಳ್ತಾರೆ. ಇದನ್ನ ಬ್ಯಾಂಕಲ್ಲಿ ಇತ್ಯರ್ಥ ಮಾಡ್ಕೊಳ್ಳದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಈ ಓಡಾಟಕ್ಕೆ ಬೇಸತ್ತಾಗಲೇ ಮನೆ ಮಾರೋನು "ನಾವೇ ಲೋನ್ ಮಾಡಿಸ್ತೀವಿ ಅಣ್ಣ, ಪಹಣಿ ಬೇಡ, ಆಧಾರ್ ಸಾಕು" ಅಂತಾನೆ. ಅದು ಬಹುತೇಕ ಪರ್ಸನಲ್ ಲೋನ್. ಬಡ್ಡಿ 9 ಪರ್ಸೆಂಟ್ ಅಂದ ತಕ್ಷಣ ಖುಷಿಪಡಬೇಡಿ, ಫ್ಲಾಟಾ ಅಂತ ಕೇಳಿ. 6 ಲಕ್ಷಕ್ಕೆ 5 ವರ್ಷ 9 ಪರ್ಸೆಂಟ್ ಫ್ಲಾಟ್ ಅಂದರೆ ಬಡ್ಡಿ 2.70 ಲಕ್ಷ, ತಿಂಗಳ ಕಂತು 14,500 ರೂಪಾಯಿ. ಅದೇ 9 ಪರ್ಸೆಂಟ್ ಉಳಿದ ಅಸಲಿನ ಮೇಲೆ ಮಾತ್ರ ಹಾಕಿದರೆ ಕಂತು ಸುಮಾರು 12,455, ಬಡ್ಡಿ ಒಟ್ಟು ಒಂದೂವರೆ ಲಕ್ಷದೊಳಗೆ. ಅಂದರೆ ಆ ಫ್ಲಾಟ್ 9ರ ನಿಜವಾದ ದರ 15.5 ದಾಟುತ್ತೆ. ಮೊಬೈಲ್‌ನಲ್ಲೇ ಇಎಂಐ ಕ್ಯಾಲ್ಕುಲೇಟರ್ ಇದೆ, ಎರಡು ನಿಮಿಷ ಸಾಕು. ಅಂದಹಾಗೆ, ನೋಡೋಣ ಅಂತ ನಾಲ್ಕು ಆಪ್‌ನಲ್ಲಿ ಅರ್ಜಿ ಒತ್ತಬೇಡಿ, ಪ್ರತಿ ಅರ್ಜಿಯೂ ಸಿಬಿಲ್‌ನಲ್ಲಿ ದಾಖಲಾಗುತ್ತೆ.

ಈಗ ಕಂತಿನ ವಿಷಯ. ಹಾಲು ಹಾಕೋರಿಗೆ, ವಾರವಾರ ತರಕಾರಿ ಕೊಯ್ಯೋರಿಗೆ ತಿಂಗಳ ಇಎಂಐ ಹೊಂದುತ್ತೆ. ಮಾವು, ಅಡಿಕೆ ನಂಬಿದೋರಿಗೆ ಹೊಂದಲ್ಲ. ವರ್ಷಕ್ಕೊಮ್ಮೆ ದುಡ್ಡು ನೋಡೋನು ಪ್ರತಿ ತಿಂಗಳು 5ನೇ ತಾರೀಖು 14 ಸಾವಿರ ಎಲ್ಲಿಂದ ತರ್ತಾನೆ? ಮೂರು ಕಂತು ತಪ್ಪೋ ಹೊತ್ತಿಗೆ ಹೆಂಡತಿ ಒಡವೆ ಗೋಲ್ಡ್ ಲೋನ್‌ಗೆ ಹೋಗಿರುತ್ತೆ. ಅಂಥವರು ಮೊದಲು ತಾಲೂಕಿನ ಪಿಎಲ್‌ಡಿ ಬ್ಯಾಂಕ್‌ನಲ್ಲಿ, ಆಮೇಲೆ ಸರ್ಕಾರಿ ಬ್ಯಾಂಕ್‌ನ ಕೃಷಿ ಅಧಿಕಾರಿ ಹತ್ತಿರ ರೈತರ ತೋಟದ ಮನೆಗೆ ಸಾಲ ಇದೆಯಾ, ಕಂತು ಫಸಲಿಗೆ ಇಡ್ತೀರಾ ಅಂತ ಕೇಳಬೇಕು. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಇದ್ದರೂ ನಾನಾದರೆ ಅದನ್ನೇ ತಗೋತೀನಿ. ಆದರೆ ಎಲ್ಲ ಪಿಎಲ್‌ಡಿ ಬ್ಯಾಂಕೂ ಒಂದೇ ಅಲ್ಲ. ವಸೂಲಾತಿ ಬಿದ್ದುಹೋದ ಕಡೆ ಹೊಸ ಸಾಲಕ್ಕೆ ದುಡ್ಡೇ ಇರಲ್ಲ.

ಅಡ ಇಡೋವಾಗ ಆರು ಲಕ್ಷದ ಮನೆಗೆ ಇಡೀ ಸರ್ವೆ ನಂಬರ್ ಬರೆದುಕೊಡಬೇಡಿ. ಪಹಣಿಯ 11ನೇ ಕಾಲಂನಲ್ಲಿ ಋಣ ಕೂತರೆ ನಾಳೆ ಬೆಳೆ ಸಾಲಕ್ಕೆ, ಡ್ರಿಪ್ ಸಾಲಕ್ಕೆ ಅದೇ ಅಡ್ಡ ಬರುತ್ತೆ. ಮನೆಗೆ ಬೇಕಾದ ಕೆಲವು ಗುಂಟೆ ಮಾತ್ರ ಪರಿವರ್ತನೆ ಮಾಡಿಸಿ ಅಷ್ಟಕ್ಕೇ ಸಾಲ ಕೊಡೋರು ಸಿಕ್ಕರೆ ಒಳ್ಳೇದು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ದರೆ ಮನೆ ಡಿಸೈನ್ ನೋಡೋದು ನಿಲ್ಲಿಸಿ, ಪೌತಿ ಖಾತೆಗೆ ಅರ್ಜಿ ಹಾಕಿ. ಅಣ್ತಮ್ಮಂದಿರು ಕೂತು ಮಾತಾಡೋಕೆ ಬ್ಯಾಂಕಿಗಿಂತ ಜಾಸ್ತಿ ಸಮಯ ಬೇಕು.

ಬ್ಯಾಂಕ್, ಫೈನಾನ್ಸ್ ಕಂಪನಿಗಳು 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಹಾಳೆ ಕೊಡಲೇಬೇಕು. ಪ್ರೊಸೆಸಿಂಗ್ ಫೀ, ವಿಮೆ ಎಲ್ಲ ಸೇರಿದ ಎಪಿಆರ್ ಅದರಲ್ಲಿರುತ್ತೆ, ಹೋಲಿಸೋದಿದ್ದರೆ ಆ ಅಂಕಿಯನ್ನೇ ಹೋಲಿಸಿ. ಫ್ಲೋಟಿಂಗ್ ದರದ ಮನೆ ಸಾಲವಾದರೆ ಅವಧಿಗೆ ಮೊದಲೇ ತೀರಿಸಿದರೂ ದಂಡ ಇಲ್ಲ. ಒಳ್ಳೆ ರೇಟ್ ಸಿಕ್ಕ ವರ್ಷ ಅಸಲಿಗೆ ಒಂದಷ್ಟು ಕಟ್ಟಿಬಿಡಿ. ಪೂರ್ತಿ ತೀರಿದ 30 ದಿನದಲ್ಲಿ ನಿಮ್ಮ ಮೂಲ ಪತ್ರಗಳು ವಾಪಸ್ ಬರಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ನಿಮಗೆ ಬರಬೇಕು. ಪತ್ರ ಒಪ್ಪಿಸೋ ದಿನವೇ ಪಟ್ಟಿ ಬರೆಸಿ, ಸೀಲ್ ಹಾಕಿಸಿಕೊಂಡು ಬನ್ನಿ.