ಅಗ್ಗದ ಟೈರಿನ ದುಬಾರಿ ಲೆಕ್ಕ

ಕುಶಾಲನಗರದ ಕೂಡ್ಲೂರಿನ ಕಾಫಿ ಕ್ಯೂರಿಂಗ್ ಮಿಲ್ಲಿಗೆ ಸೈಕಲ್ ತುಳಿದು ಹೋಗುವ ಕೆಲಸಗಾರನಿಗೆ ಟೈರು ಸೊಗಸಿನ ಸಾಮಾನಲ್ಲ. ಅದು ಒಡೆದ ದಿನ ಹಾಜರಿ ತಪ್ಪೀತು, ಕೂಲಿಯೂ ತಪ್ಪೀತು.

ಲೆಕ್ಕ ನೋಡೋಣ. 300 ರೂಪಾಯಿಯ ಟೈರು 6 ತಿಂಗಳು ಬಂತೆನ್ನಿ. ತಿಂಗಳಿಗೆ 50 ರೂಪಾಯಿ ಬಿತ್ತು. 450ರ ಟೈರು 15 ತಿಂಗಳು ಬಂದರೆ ತಿಂಗಳಿಗೆ 30 ಮಾತ್ರ. ಇದು ಕೆಲಸಗಾರನಿಗೆ ತಿಳಿಯದ ಲೆಕ್ಕವಲ್ಲ. ಆದರೆ ಟೈರು ಹರಿದ ದಿನ ಆ ಹೆಚ್ಚಿನ 150 ರೂಪಾಯಿ ಅವನ ಕೈಯಲ್ಲಿರುವುದಿಲ್ಲ. ಕಾಸಿಲ್ಲದವನೇ ಹೆಚ್ಚು ತೆರಬೇಕು. ಪೇಟೆಯ ನ್ಯಾಯವೇ ಇದು.

ಸರ್ಕಾರ 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿ.ಎಸ್.ಟಿ.ಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿತು. ಹೊಸ ಸೈಕಲ್ ಕೊಳ್ಳುವವರಿಗೆ ಸಂತೋಷವೇ. ಆದರೆ ಸೈಕಲ್ ಟೈರಿನ ಮೇಲೆ 2017ರಿಂದಲೂ ಇದ್ದದ್ದು ಶೇಕಡಾ 5. ಹಳೆಯ ಸೈಕಲ್ಲನ್ನೇ ನಡೆಸಿಕೊಂಡು ಬರುವವನಿಗೆ ಟೈರಿನ ತೆರಿಗೆಯಲ್ಲಿ ಒಂದು ಪೈಸೆಯೂ ಇಳಿಯಲಿಲ್ಲ.

ಸಣ್ಣ ಅಂಗಡಿಯವರನ್ನು ದೂರಿ ಫಲವಿಲ್ಲ. ಸಾಲಕ್ಕೆ ಟೈರು ಕೊಟ್ಟು ಅವರಾದರೂ ಎಷ್ಟು ದಿನ ಕಾದಾರು? ಕೊಡಗು ಸಹಕಾರ ಸಂಘಗಳ ನಾಡು. ಗೊಬ್ಬರಕ್ಕೆ ಸಾಲ ಕೊಡುವ ಸಂಘಗಳು ಸೈಕಲ್ ಅಂಗಡಿಯವರ ಸಗಟು ಖರೀದಿಗೂ ಸಾಲ ಕೊಡಲಿ, ಅಂಗಡಿಯವರು ಐ.ಎಸ್.ಐ. ಗುರುತಿನ ಟೈರನ್ನು ಮೂರು ಬಟವಾಡೆಗಳ ಕಂತಿನಲ್ಲಿ ಕೊಡಲಿ ಎಂದು ನಾವು ಒತ್ತಾಯಿಸುತ್ತೇವೆ. ಕೆಲಸಗಾರ ಬಂಧುಗಳು ರಸೀದಿ ಕೇಳಿ ಪಡೆಯಬೇಕು. ವಾರಕ್ಕೊಮ್ಮೆ ಗಾಳಿ ನೋಡಬೇಕು. ಗಾಳಿ ಕಡಿಮೆಯಾದರೆ ಒಳ್ಳೆಯ ಟೈರಿನ ಪಕ್ಕೆಯೂ ಬಿರಿಯುತ್ತದೆ.

ತಿಂಗಳಿಗೆ 20 ರೂಪಾಯಿ ಯಾವ ಮಹಾ ಎನ್ನುವವರು ಸೈಕಲ್ ತುಳಿದು ಹೊಟ್ಟೆ ಹೊರೆಯುವವರಲ್ಲ.